ನಲವತ್ತೊಂದನೇ ಬಿಲ್ಲೆ

ಇಪ್ಪತ್ತೆರಡು ವರ್ಷ
ಗುಡಿಯ ಗೇಟಿನಲ್ಲಿ ಕೂತು
ಊರಿಗೆ ಬಂದವರ ಚಪ್ಪಲಿ ಕಾದೆ.
ಹಿಮ್ಮಡಿ ಸವೆದದ್ದು ನೋಡಿದರೆ ಸಾಕು,
ಯಾರು ನಡೆದು ಬಂದವರು, ಯಾರು ಕಾರಿಳಿದವರು,
ಯಾರ ಮನೆಯಲ್ಲಿ ಒಂದೇ ಜೋಡಿ ಇಬ್ಬರಿಗೆ,
ಹೇಳಿಬಿಡುತ್ತೇನೆ.
ಒಳಗೆ ಏನಿದೆ ಅಂತ ಕೇಳಿದರೆ ಮಾತ್ರ
'ಹೋಗಿ ನೋಡ್ಕಂಡ್ ಬನ್ನಿ' ಅನ್ನುತ್ತಿದ್ದೆ,
ನೋಡಿದವಳ ಹಾಗೆ.

ಹಳೇಬೀಡು ಅಂದರೆ ಹಳೆಯ ಬೀಡು.
'ಹಂಗಾದ್ರೆ ಹೊಸದು ಎಲ್ಲಿ?'
ಬೂಟಿನ ಲಾಡಿ ಬಿಚ್ಚುತ್ತಾ ಒಂದು ಮಗು ಕೇಳಿತ್ತು.
ಅದರವ್ವ ನಕ್ಕಳು. ನಾನೂ ನಕ್ಕೆ.
ಆ ಪ್ರಶ್ನೆ ಇನ್ನೂ ನನ್ನ ಗೂಡಿನಲ್ಲೇ ಇದೆ,
ಯಾರೂ ಬಿಲ್ಲೆ ಕೊಟ್ಟು ಬಿಡಿಸಿಕೊಂಡು ಹೋಗಲಿಲ್ಲ.

ಮೊನ್ನೆ ಮಂಗಳವಾರ, ಜನ ಕಮ್ಮಿ.
ತಂಗಿಯ ಮಗಳು ಚಂದನಳನ್ನು ಕೂರಿಸಿ
ಪ್ರವಾಸ ಹೊರಟೆ.

ಪ್ರವಾಸದವರು ಮೊದಲು ತಿನ್ನುತ್ತಾರೆ.
ಬಸ್ ಸ್ಟ್ಯಾಂಡಿನ ಎದುರು ಸಣ್ಣತಾಯಮ್ಮನ ಹೋಟೆಲು.
ಬಾಳೆಲೆಯ ಮೇಲೆ ತಟ್ಟಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ,
ಹಿತುಕಿದ ಅವರೆಬೇಳೆ ಸಾರು, ಮೇಲೆ ತುಪ್ಪದ ಕಣ್ಣುಗಳು.
ನಮ್ಮ ಮನೆಯದೇ ಅಡಿಗೆ.
ಆದರೆ ಬೆಂಚಿನ ಮೇಲೆ ಕೂತು, ಇನ್ನೊಬ್ಬರು ಬಡಿಸಿ,
'ಇನ್ನೊಂದ್ ಹಾಕ್ಲಾ ನಿಂಗಾಜಕ್ಕ' ಅಂದಾಗ
ಅದು ಬೇರೆ ಯಾವುದೋ ಊರಿನ ರುಚಿ.
ದುಡ್ಡು ಬೇಡ ಅಂದಳು.
ನಾನು ಪ್ರವಾಸದವಳು, ಬಿಡಲಿಲ್ಲ.

ರಫೀಕಾಳ ಬುಟ್ಟಿಯಿಂದ ಒಂದು ಸೌತೆಕಾಯಿ,
ಉದ್ದಕ್ಕೆ ಸೀಳಿ, ಉಪ್ಪು ಖಾರ ಸವರಿದ್ದು.
ತಿನ್ನುತ್ತಾ ಬಂದು
ನನ್ನ ಗೂಡಿನ ಮುಂದೆ ನನ್ನ ಚಪ್ಪಲಿ ಬಿಟ್ಟೆ.
'ನಲವತ್ತೊಂದು,' ಅಂದಳು ಚಂದನ, ನಗದೆ,
ತಗಡಿನ ಬಿಲ್ಲೆ ಕೈಗಿಟ್ಟಳು.
ಅದರ ಅಂಚು ಇಷ್ಟು ಚೂಪು ಅಂತ
ಇಷ್ಟು ವರ್ಷ ಕೊಡುತ್ತಾ ಬಂದವಳಿಗೆ ಗೊತ್ತೇ ಇರಲಿಲ್ಲ.

ಕಲ್ಲು ಕಾದಿತ್ತು.
ನೆರಳಿಂದ ನೆರಳಿಗೆ ಹಾರಿದೆ, ಎಲ್ಲರ ಹಾಗೆ.
ತಳದ ಸಾಲಿನಲ್ಲಿ ಆನೆ, ಆನೆ, ಆನೆ,
ಎಣಿಸುತ್ತಾ ಹೊರಟು ಇನ್ನೂರ ಹದಿನೇಳಕ್ಕೆ ತಪ್ಪಿದೆ.
ಒಂದಕ್ಕೆ ಇನ್ನೊಂದು ಜೋಡಿಯಲ್ಲ.
ಜೋಡಿ ಹುಡುಕಿ ಹೊಟ್ಟೆ ಹೊರೆಯುವವಳು
ಎಷ್ಟೋ ಹೊತ್ತು ಅಲ್ಲೇ ನಿಂತೆ.

ಗೈಡು ಧರಣೇಂದ್ರಯ್ಯ ಯಾರಿಗೋ
ಕಿರೀಟ ತೋರಿಸುತ್ತಿದ್ದರು, ಕೈಯ ಆಯುಧ ತೋರಿಸುತ್ತಿದ್ದರು.
ನಾನು ಪಾದ ನೋಡಿದೆ.
ಕುಣಿಯುವವಳ ಕಿರುಬೆರಳು ನೆಲಕ್ಕೆ ತಾಕಿಲ್ಲ.
ಒಬ್ಬಳ ಅಂಗಾಲಿನಿಂದ ಯಾರೋ ಮುಳ್ಳು ತೆಗೆಯುತ್ತಿದ್ದಾರೆ,
ಎಂಟು ನೂರು ವರ್ಷವಾಯಿತು, ಇನ್ನೂ ಬಂದಿಲ್ಲ.
ದೇವರು, ದೇವರ ಹೆಂಡತಿ, ಕಪಿಗಳು,
ಯುದ್ಧಕ್ಕೆ ಹೊರಟವರು ಕೂಡ,
ಎಲ್ಲ ಬರಿಗಾಲು.

ಮೂಲೆ ತಿರುಗಿದೆ.
ಹಿಂದಿನ ಗೋಡೆಯಲ್ಲಿ, ಪಕ್ಕಕ್ಕೊಂದು ನಾಯಿ,
ನಿಂತಿದ್ದಾನೆ ಭೈರವ.
ಮೈಮೇಲೆ ಒಂದು ಎಳೆ ನೂಲಿಲ್ಲ,
ಕಾಲಲ್ಲಿ ಮಾತ್ರ ದಪ್ಪ ಅಟ್ಟೆಯ ಪಾದುಕೆ!

ಏನಯ್ಯಾ,
ನನ್ನ ಕಣ್ಣು ತಪ್ಪಿಸಿ ಒಳಗೆ ಬಂದೆಯಾ?
ಸೆರಗನ್ನು ಬಾಯಿಗೆ ಒತ್ತಿ ನಕ್ಕೆ.
ಜೋಡಿಗೆ ಐದು ರೂಪಾಯಿ, ದಿನಕ್ಕೊಂದು ಸಲ ಅಂದರೂ
ನೀನು ಕೊಡಬೇಕಾದ ಬಾಕಿ ಎಷ್ಟಾಯಿತು ಲೆಕ್ಕ ಹಾಕು.
ಅವನು ಬಾಯಿ ಬಿಡಲಿಲ್ಲ.
ನಾಯಿ ಮಾತ್ರ ನನ್ನ ಕಡೆ ನೋಡಿದ ಹಾಗಿತ್ತು.

ಇಳಿಹೊತ್ತಿಗೆ ಬಸ್ತಿಹಳ್ಳಿಯ ಬಸದಿ.
ಒಳಗೆ ತಂಪು, ಬಾವಲಿ ವಾಸನೆ, ಕನ್ನಡಿಯಂಥ ಕಂಬ.
ಕಂಬದೊಳಗೆ ಒಬ್ಬ ಹೆಂಗಸು,
ತೆಳ್ಳಗೆ, ಉದ್ದಕ್ಕೆ ಎಳೆದ ಹಾಗೆ, ಯಾರೋ ರಾಣಿ.
ಬಗ್ಗಿದೆ. ಅವಳೂ ಬಗ್ಗಿದಳು.
ಅವಳ ಪಾದ ಕಾಣಲಿಲ್ಲ.

ಕೆರೆ ಏರಿಯ ಮೇಲೆ ನಡೆದು ಮನೆಗೆ ಬಂದು
ಕಾಲು ತೊಳೆಯುವಾಗ ನೆನಪಾಯಿತು:
ಚಪ್ಪಲಿ ಅಲ್ಲೇ ಇದೆ.
ಬಿಲ್ಲೆ ಸೆರಗಿನ ಗಂಟಿನಲ್ಲಿತ್ತು.

ಬೆಳಿಗ್ಗೆ ಅರಸೀಕೆರೆಯ ಸ್ಕೂಲ್ ಬಸ್ಸು,
ಅರವತ್ತು ಜೊತೆ ಬಿಳಿ ಕ್ಯಾನ್ವಾಸು, ಎಲ್ಲ ಒಂದೇ ಥರ.
ನಲವತ್ತೊಂದನೇ ಗೂಡು ಬಿಟ್ಟು ಜೋಡಿಸುತ್ತಾ ಬಂದೆ.
'ಒಳಗೆ ಏನಿದೆ ಅಜ್ಜಿ?' ಅಂದ ಒಬ್ಬ ಹುಡುಗ.

ಹಿಂದಿನ ಗೋಡೆಗೆ ಹೋಗು.
ನಾಯಿಯ ಪಕ್ಕ ಒಬ್ಬ ನಿಂತಿದ್ದಾನೆ.
ಕಾಲು ನೋಡು ಮಗಾ, ಮೊದಲು ಕಾಲು.
ಮುಖ ಆಮೇಲೆ.